ಮೊಳೆ ಖಾಲಿ ಇರುವ ತನಕ ಕೂರದ ಬಿಲ್ಲೆ ಅಕ್ಕ

ಬೆಳಗಿನ ಐದೂಕಾಲು. ಕಾಡಿನ ಗೇಟಿಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಐವತ್ತನಾಲ್ಕರ ಹೆಂಗಸೊಬ್ಬರು ಹಿತ್ತಾಳೆ ಬಿಲ್ಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ, ಗೋಡೆಯ ಹಲಗೆಗೆ ಹೊಡೆದ ಮೊಳೆಗಳಿಗೆ ನೇತುಹಾಕುತ್ತಿದ್ದಾರೆ. ಒಂದರಿಂದ ನೂರ ನಲವತ್ತರವರೆಗೆ. ಒರೆಸುವ ಅಗತ್ಯವೇನೂ ಇಲ್ಲ, ನಿನ್ನೆ ಸಂಜೆಯೇ ಒರೆಸಿದ್ದಾಗಿದೆ. "ಕೈ ಸುಮ್ನಿರಲ್ಲ, ಏನ್ ಮಾಡ್ಲಿ?" ಎನ್ನುತ್ತಾರೆ. ಇಲಾಖೆ ಕೊಟ್ಟ ಕುರ್ಚಿ ಮೂಲೆಯಲ್ಲಿದೆ. ಅದರ ಮೇಲೆ ಅವರ ಸ್ವೆಟರ್, ಛತ್ರಿ, ಬುತ್ತಿಚೀಲ ಕೂತಿವೆ. ಅವರು ಕೂತದ್ದನ್ನು ಕಂಡವರಿಲ್ಲ.

ಹೊರಗೆ ಆಗಲೇ ಸಾಲು. ಓಡುವವರು ನಿಂತಲ್ಲೇ ಕುಪ್ಪಳಿಸುತ್ತಿದ್ದಾರೆ, ಸೈಕಲ್ಲಿನವರು ಟಯರ್ ಹಿಚುಕಿ ಗಾಳಿ ನೋಡುತ್ತಿದ್ದಾರೆ, ನಡೆಯುವವರು ಬೂಟಿನ ಲೇಸು ಬಿಗಿಯುತ್ತಿದ್ದಾರೆ. ಒಳಗೆ ಹೋಗುವ ಪ್ರತಿಯೊಬ್ಬರೂ ಒಂದು ಬಿಲ್ಲೆ ತೆಗೆದುಕೊಂಡು ಕೊರಳಿಗೆ ಹಾಕಿಕೊಳ್ಳಬೇಕು, ಹೊರಗೆ ಬಂದಾಗ ಅದೇ ಮೊಳೆಗೆ ಸಿಕ್ಕಿಸಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಕಾಡಿನಲ್ಲಿದ್ದಾನೆ ಎಂದು ಲೆಕ್ಕ. ಇಷ್ಟೇ ವ್ಯವಸ್ಥೆ. ಇದನ್ನು ನೋಡಿಕೊಳ್ಳುವವರನ್ನು ಎಲ್ಲರೂ ಕರೆಯುವುದು ಬಿಲ್ಲೆ ಅಕ್ಕ ಎಂದು.

ಸಾಲಿನ ಮೊದಲಿಗರು ಅರವತ್ತೆಂಟರ ನಿವೃತ್ತ ಮೇಷ್ಟ್ರು, ಇಲ್ಲಿಯ ಖಾಯಂ ಓಟಗಾರರು.

"ಅಕ್ಕಾ, ಏಳನೇ ನಂಬರ್ ಕೊಡಿ. ಅದು ಹಾಕ್ಕೊಂಡ್ರೆ ಮಂಡಿ ನೋಯಲ್ಲ."

"ಮಂಡಿ ನೋಯ್ಬಾರದು ಅಂದ್ರೆ ಮನೇಲಿ ಮಲ್ಕೋಬೇಕಿತ್ತು ಮೇಷ್ಟ್ರೇ. ಎಷ್ಟೊತ್ತಿಗೆ ಬರ್ತೀರಿ?"

"ಎಂಟೂವರೆ."

ಅಕ್ಕ ಏಳನೇ ಮೊಳೆಯ ಕೆಳಗೆ ಸೀಮೆಸುಣ್ಣದಲ್ಲಿ ಒಂಬತ್ತೂಕಾಲು ಎಂದು ಬರೆಯುತ್ತಾರೆ. ಮೇಷ್ಟ್ರು ಕತ್ತು ಉದ್ದ ಮಾಡಿ ಓದಿ, "ಮರ್ಯಾದೆ ತೆಗೀತೀರಲ್ರೀ" ಎಂದು ಗೊಣಗುತ್ತಾ ಓಡುತ್ತಾರೆ.

ಜನ ಹೇಳಿದ ಹೊತ್ತನ್ನು ಅಕ್ಕ ಬರೆಯುವುದಿಲ್ಲ, ತಮಗೆ ಕಂಡ ಹೊತ್ತನ್ನು ಬರೆಯುತ್ತಾರೆ. "ಓಡೋರು ಮುಕ್ಕಾಲು ಗಂಟೆ ಸುಳ್ಳು ಹೇಳ್ತಾರೆ, ಸೈಕಲ್ಲಿನೋರು ಒಂದೂವರೆ ಗಂಟೆ. ನಡೆಯೋರು ಪಾಪ ನಿಜಾನೇ ಹೇಳ್ತಾರೆ, ಆದ್ರೆ ಫೋಟೊ ತೆಗೀತಾ ಕೂತುಬಿಡ್ತಾರೆ. ಹೊಸ ಬೂಟು ಹಾಕಿದ್ರೆ ಇನ್ನೊಂದು ಮುಕ್ಕಾಲು ಗಂಟೆ ಸೇರಿಸ್ತೀನಿ. ಗಂಡ ಹೆಂಡ್ತಿ ಜೊತೇಲಿ ಬಂದು ಗೇಟಲ್ಲೇ ಜಗಳ ಆಡಿದ್ರೆ ಬೇಗ ವಾಪಸ್ ಬರ್ತಾರೆ."

ಒಳಗಿನ ಕಾಡು ತಮಾಷೆಯದಲ್ಲ. ಹಳದಿ ಗುರುತಿನ ದಾರಿ ಆರು ಕಿಲೋಮೀಟರ್, ಮಕ್ಕಳೂ ಹೋಗಬಹುದು. ಕೆಂಪು ಗುರುತಿನದು ಇಪ್ಪತ್ತೆರಡು ಕಿಲೋಮೀಟರ್. ಸಡಿಲ ಕಲ್ಲಿನ ಏರು, ಎರಡು ಹಳ್ಳ, ಮಂಜು ಇಳಿದರೆ ತುದಿ ಕಾಣದ ಕಮರಿ. ಗೇಟಿನಿಂದ ಐನೂರು ಹೆಜ್ಜೆ ದಾಟಿದರೆ ಫೋನು ಬರೀ ಕ್ಯಾಮೆರಾ ಆಗಿ ಉಳಿಯುತ್ತದೆ. ವಾರದ ದಿನಗಳಲ್ಲಿ ನಲವತ್ತು ಜನ ಬರುತ್ತಾರೆ. ಭಾನುವಾರ ಎಂಟು ಗಂಟೆಗೇ ಹಲಗೆ ಬರಿದಾಗುತ್ತದೆ, ಒಬ್ಬರು ಹೊರಬಂದರೆ ಮಾತ್ರ ಇನ್ನೊಬ್ಬರು ಒಳಕ್ಕೆ.

ಹದಿನೈದು ವರ್ಷದ ಹಿಂದಿನವರೆಗೆ ಅಕ್ಕ ಒಂದು ಬಟ್ಟೆ ಗಿರಣಿಯ ಗೇಟಿನಲ್ಲಿ ಕೆಲಸ ಮಾಡುತ್ತಿದ್ದರು. ಯಾವ ಪಾಳಿಗೆ ಯಾರು ಬಂದರು, ಯಾರು ಹೋದರು ಎಂಬುದು ಇದೇ ಬಿಲ್ಲೆಗಳಿಂದ ಗೊತ್ತಾಗುತ್ತಿತ್ತು. ಗಿರಣಿ ಮುಚ್ಚಿತು. ಅದೇ ವರ್ಷ ದರ್ಜಿಯಾಗಿದ್ದ ಗಂಡನಿಗೆ ಕಣ್ಣು ಮಂಜಾಯಿತು, ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಯಿತು. ಅಕ್ಕ ಕಾಡಿನ ಗೇಟಿಗೆ ಕಸ ಗುಡಿಸಲು ಸೇರಿಕೊಂಡರು. ಆಗ ಇಲ್ಲೊಂದು ಪುಸ್ತಕವಿತ್ತು. ಒಳಹೋಗುವಾಗ ಎಲ್ಲರೂ ಸಹಿ ಮಾಡುತ್ತಿದ್ದರು, ಹೊರಬರುವಾಗ ಯಾರೂ ಮಾಡುತ್ತಿರಲಿಲ್ಲ. ಗುಡಿಸುತ್ತಾ ಗುಡಿಸುತ್ತಾ ಅಕ್ಕನಿಗೆ ತಳಮಳ ಶುರುವಾಯಿತು. "ಪುಸ್ತಕದ ಪ್ರಕಾರ ಆ ವರ್ಷ ಎರಡು ಸಾವಿರ ಜನ ಕಾಡಲ್ಲೇ ಇದ್ರು" ಎಂದು ನಗುತ್ತಾರೆ. ಗಿರಣಿಯ ಹಲಗೆ ಗುಜರಿ ಅಂಗಡಿಯಲ್ಲಿ ಬಿದ್ದಿತ್ತು. ಅದನ್ನು ಗಂಡನ ಜೊತೆ ಕೈಗಾಡಿಯಲ್ಲಿ ಹೇರಿಕೊಂಡು ತಂದರು.

ಹಲಗೆಯೂ ಒಂದು ಸಲ ಮೋಸ ಮಾಡಿದೆ. ಮೂರನೆಯ ವರ್ಷ, ಒಬ್ಬ ಹುಡುಗಿ ಎರಡು ಬಿಲ್ಲೆ ತಂದು ಎರಡನ್ನೂ ಸಿಕ್ಕಿಸಿದಳು. ಗೆಳತಿ ಹಿಂದೆಯೇ ಬರುತ್ತಿದ್ದಾಳೆ, ಓಡುವಾಗ ಎದೆಗೆ ಬಡಿಯುತ್ತೆ ಅಂತ ಅವಳದನ್ನೂ ನನಗೇ ಕೊಟ್ಟಳು ಅಂದಳು. ಅಕ್ಕ ನೀರು ತರಲು ಹೋಗಿ ಬರುವಷ್ಟರಲ್ಲಿ ಗೆಳತಿಯೂ ಬಂದಿರಬೇಕು ಅಂದುಕೊಂಡರು. ಹಲಗೆ ತುಂಬಿತ್ತು, ಬೀಗ ಹಾಕಿ ಮನೆಗೆ ಹೋದರು. ಮೊದಲ ಹುಡುಗಿಯೂ ಗೆಳತಿ ಬೇರೆ ಬಸ್ಸು ಹಿಡಿದಳು ಎಂದೇ ತಿಳಿದು ಹೊರಟುಹೋಗಿದ್ದಳು. ಗೆಳತಿ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಹಳ್ಳದ ಕಲ್ಲುಗಳ ನಡುವೆ, ಕಾಲು ಮುರಿದುಕೊಂಡು. ಬದುಕಿದಳು. "ಬದುಕಿದ್ಲು ಅನ್ನೋದು ಅವಳ ಅದೃಷ್ಟ. ಬೀಗ ಹಾಕಿದ್ದು ನಾನು" ಎನ್ನುವಾಗ ಅಕ್ಕ ನಗುವುದಿಲ್ಲ. ಅಂದಿನಿಂದ ಗಂಡ ಹೆಂಡತಿಯೇ ಇರಲಿ, ಅವಳಿ ಮಕ್ಕಳೇ ಇರಲಿ, ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅಂದಿನಿಂದಲೇ ಅಕ್ಕ ಕೂರುವುದನ್ನೂ ಬಿಟ್ಟರು.

ಈಗ ಈ ಹಲಗೆಗೇ ಕುತ್ತು ಬಂದಿದೆ. ಈ ವರ್ಷ ಅಕ್ಕ ಮೂರು ಸಲ ಹುಡುಕಾಟಕ್ಕೆ ಕರೆ ಕೊಟ್ಟಿದ್ದಾರೆ, ಮೂರೂ ಸುಳ್ಳಾಗಿವೆ. ಒಬ್ಬ ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿ ಒಗೆಯಲು ಹಾಕಿದ್ದ. ಇನ್ನೊಬ್ಬ ಕಾಡಿನ ಆಚೆ ಬದಿಯಿಂದ ಇಳಿದು ಬಸ್ಸು ಹತ್ತಿದ್ದ. ಮೂರನೆಯವನಂತೂ ಕೊರಳಲ್ಲಿ ಬಿಲ್ಲೆ ಹಾಕಿಕೊಂಡೇ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ, ಕಾಡು ಕಾಯುವ ಹನ್ನೆರಡು ಜನ ವಾಚರುಗಳು ಅವನಿಗಾಗಿ ಕಮರಿ ಇಳಿದಿದ್ದರು. ರೇಂಜರ್ ಸಾಹೇಬರು ಕೆಟ್ಟವರಲ್ಲ, ಆದರೆ ಅವರಿಗೂ ಮೇಲಿನವರಿದ್ದಾರೆ. ಇನ್ನೊಂದು ಸುಳ್ಳು ಕರೆ ಬಂದರೆ ಹಲಗೆ ಇಳಿಸಿ ಆ್ಯಪ್ ಹಾಕಿಸುವುದಾಗಿ ಹೇಳಿದ್ದಾರೆ. ಅದರಲ್ಲಿ ಬಂದವರು ಫೋನಿನಲ್ಲಿ ಹೆಸರು ಒತ್ತಿದರೆ ಸಾಕು, ಸಂಜೆ ಆರಕ್ಕೆ ಎಲ್ಲರೂ ಹೊರಹೋದರು ಎಂದು ಅದೇ ಬರೆದುಕೊಳ್ಳುತ್ತದೆ. "ಅದೇ ಬರ್ಕೊಳ್ಳತ್ತಂತೆ" ಎಂದು ಅಕ್ಕ ಎರಡು ಸಲ ಹೇಳುತ್ತಾರೆ.

ಈ ಶನಿವಾರ ಹೊತ್ತು ಹೀಗೇ ಸಾಗುತ್ತದೆ. ಮೇಷ್ಟ್ರು ಒಂಬತ್ತೂ ಇಪ್ಪತ್ತಕ್ಕೆ ಬಂದು ಬೈಸಿಕೊಳ್ಳುತ್ತಾರೆ. ಮಧ್ಯಾಹ್ನದೊಳಗೆ ಅರ್ಧ ಹಲಗೆ ತುಂಬುತ್ತದೆ. ಬರೆದ ಹೊತ್ತು ದಾಟಿದ ಮೇಲೂ ಖಾಲಿ ಉಳಿಯುವುದು ಎಂಬತ್ತೇಳನೆಯ ಮೊಳೆ ಮಾತ್ರ. ಅದನ್ನು ಒಯ್ದವರು ನರೆಗಡ್ಡದ ಒಬ್ಬ ಸೈಕಲ್ ಸವಾರ. ಏಳೂ ಹತ್ತಕ್ಕೆ ಕೆಂಪು ದಾರಿ ಹಿಡಿದವರು ಎರಡಕ್ಕೆ ಬರುತ್ತೇನೆ ಎಂದಿದ್ದರು. ಅಕ್ಕ ಬರೆದದ್ದು ಮೂರೂವರೆ.

ನಾಲ್ಕಕ್ಕೆ ಅಕ್ಕನ ಕಾಲು ನಿಲ್ಲುವುದಿಲ್ಲ. ವಾಹನ ನಿಲ್ಲಿಸುವ ಜಾಗಕ್ಕೆ ಹೋಗಿ ಒಂದೊಂದು ಕಾರಿನ ಗಾಜಿಗೂ ಮೂಗು ಒತ್ತಿ ನೋಡಿ ಬರುತ್ತಾರೆ. ಶೌಚಾಲಯದ ಬಾಗಿಲು ಬಡಿಯುತ್ತಾರೆ. ಚಹಾ ಅಂಗಡಿಯಲ್ಲಿ ವಿಚಾರಿಸುತ್ತಾರೆ. ಬಿಲ್ಲೆ ಕೊಡುವಾಗ ಎರಡು ನಂಬರ್ ಬರೆದುಕೊಂಡಿದ್ದರು. ಸವಾರರ ಫೋನು ಹತ್ತುವುದಿಲ್ಲ. ಮನೆಯ ನಂಬರಿಗೆ ಮಾಡಿದರೆ ಹೆಂಡತಿ ಸಿಗುತ್ತಾರೆ.

"ಅವ್ರಾ? ಮೂವತ್ತು ವರ್ಷದಲ್ಲಿ ಒಂದಿನಾನೂ ಹೇಳಿದ ಟೈಮಿಗೆ ಬಂದಿಲ್ಲ. ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ?"

"ತಲೆ ಕೆಡಿಸ್ಕೊಳ್ಳೋಕೇ ನನಗೆ ಸಂಬಳ ಕೊಡೋದಮ್ಮ" ಎಂದು ಅಕ್ಕ ಫೋನಿಡುತ್ತಾರೆ.

ಮೇಷ್ಟ್ರು ಅಲ್ಲೇ ಇದ್ದಾರೆ. ಬೆಳಿಗ್ಗೆ ಮರೆತ ಟೋಪಿಗಾಗಿ ಬಂದವರು ಹೊರಡಲು ಮನಸ್ಸಾಗದೆ ನಿಂತಿದ್ದಾರೆ. "ಇನ್ನೊಂದು ಅರ್ಧ ಗಂಟೆ ನೋಡಿ ಅಕ್ಕ. ಇದೂ ಸುಳ್ಳಾದ್ರೆ ಹಲಗೆ ಹೋಗುತ್ತೆ."

ಅಕ್ಕ ಬೆಟ್ಟದ ನೆತ್ತಿಯ ಬಿಸಿಲನ್ನು ನೋಡುತ್ತಾರೆ. ಕಮರಿಯೊಳಗೆ ಆಗಲೇ ನೆರಳು. "ಬೆಳಕಿರೋವಾಗ ಹೇಳಿದ್ರೆ ನನ್ನ ಮರ್ಯಾದೆ ಹೋಗುತ್ತೆ ಮೇಷ್ಟ್ರೇ. ಕತ್ತಲಾದ್ಮೇಲೆ ಹೇಳಿದ್ರೆ ಮನುಷ್ಯ ಹೋಗ್ತಾನೆ." ಇಷ್ಟು ಹೇಳಿ ವಾಕಿಟಾಕಿ ಎತ್ತಿಕೊಳ್ಳುತ್ತಾರೆ. ಆಗ ನಾಲ್ಕೂ ಮೂವತ್ತೈದು.

"ಅಕ್ಕ, ಯೋಚನೆ ಮಾಡಿ ಹೇಳ್ತಿದ್ದೀರಾ?" ಆ ಕಡೆ ರೇಂಜರ್.

"ಮಾಡಿದೀನಿ ಸರ್. ಎಂಬತ್ತೇಳು, ಕೆಂಪು ದಾರಿ, ಸೈಕಲ್ಲು. ಬೇಗ ಕಳ್ಸಿ."

ದಿನವೆಲ್ಲ ನಡೆದು ಆಗ ತಾನೇ ಬೂಟು ಬಿಚ್ಚಿದ್ದ ವಾಚರುಗಳು ಮತ್ತೆ ಬೂಟು ಹಾಕುತ್ತಾರೆ. ಒಬ್ಬ ಹೋಗುತ್ತಾ, "ಅಕ್ಕಾ, ಕಾರು ಎಲ್ಲಾ ನೋಡಿದ್ರಿ ತಾನೇ?" ಎಂದು ಕುಟುಕುತ್ತಾನೆ. ಅಕ್ಕ ಆಗಲೇ ಗೇಟಿನತ್ತ ತಿರುಗಿದ್ದಾರೆ. ಗೇಟಿನಿಂದ ಶೆಡ್ಡಿಗೆ, ಶೆಡ್ಡಿನಿಂದ ಗೇಟಿಗೆ ನಡೆಯುತ್ತಲೇ ಇದ್ದಾರೆ.

ಆರು ಗಂಟೆಗೆ ಸವಾರರು ವಾಚರುಗಳ ನಡುವೆ ನಡೆದು ಬರುತ್ತಾರೆ. ಸೈಕಲ್ಲಿನ ಚೈನು ತುಂಡಾಗಿದೆ, ಮೈಮೇಲೆ ಒಂದು ಗೀರೂ ಇಲ್ಲ, ಮುಖದಲ್ಲಿ ಸಿಟ್ಟಿದೆ. "ನಾನು ಕಳೆದುಹೋಗಿದೀನಿ ಅಂತ ಯಾರು ಹೇಳಿದ್ದು? ಆರಾಮಾಗಿ ತಳ್ಕೊಂಡು ಬರ್ತಿದ್ದೆ. ಇನ್ನರ್ಧ ಗಂಟೇಲಿ ನಾನೇ ಬಂದುಬಿಡ್ತಿದ್ದೆ."

ಅಷ್ಟರಲ್ಲಿ ಗೇಟಿಗೆ ಬಂದಿದ್ದ ರೇಂಜರ್ ಅಕ್ಕನ ಮುಖ ನೋಡುತ್ತಾರೆ, ಮೇಷ್ಟ್ರು ನೆಲ ನೋಡುತ್ತಾರೆ. ಆಗ ಕಾರಿನ ಮಾತಾಡಿದ್ದ ವಾಚರೇ ಮುಂದೆ ಬರುತ್ತಾನೆ.

"ಸರ್, ಇವರು ಸಿಕ್ಕಿದಾಗ ಗೇಟಿಗೆ ಬೆನ್ನು ಹಾಕಿ ನಡೀತಿದ್ರು. ಚೈನ್ ಕಿತ್ತುಹೋದ ಕಡೆ ಸೈಕಲ್ ತಲೆಕೆಳಗೆ ಮಾಡಿ ರಿಪೇರಿಗೆ ಕೂತಿದ್ದಾರೆ, ಎದ್ದಾಗ ದಿಕ್ಕು ತಪ್ಪಿದೆ. ಮೂರು ಕಿಲೋಮೀಟರ್ ವಾಪಸ್ ಒಳಗೇ ತಳ್ಕೊಂಡು ಹೋಗಿದ್ರು. ಮುಂದೆ ಕಮರಿ. ನಮ್ಮನ್ನ ನೋಡಿ, 'ಏನಪ್ಪಾ, ಗೇಟಿಂದ ಬಂದ್ರಾ?' ಅಂತ ಕಮರಿ ಕಡೆ ಕೈ ತೋರಿಸಿ ಕೇಳಿದ್ರು."

ಸವಾರರು ಕೈಯಲ್ಲಿ ತುಂಡು ಚೈನನ್ನು ತಿರುಗಿಸುತ್ತಾ ಬೆಟ್ಟದತ್ತ ನೋಡುತ್ತಾರೆ. ಅಲ್ಲಿ ಬಿಸಿಲು ಪೂರ್ತಿ ಇಳಿದಿದೆ. "ಮನೆಗೊಂದು ಫೋನ್ ಮಾಡ್ಕೊಳ್ಳಾ ಅಕ್ಕ?" ಎಂದು ಸಣ್ಣ ದನಿಯಲ್ಲಿ ಕೇಳುತ್ತಾರೆ. ಅಕ್ಕ ತಮ್ಮ ಫೋನನ್ನೇ ಕೊಡುತ್ತಾರೆ.

ರೇಂಜರ್ ಸಾಹೇಬರು ಹಲಗೆಯ ಮುಂದೆ ಬಂದು ನಿಲ್ಲುತ್ತಾರೆ. ಅದನ್ನು ಮೇಲಿಂದ ಕೆಳಗೆ ನೋಡಿ, "ಶೆಡ್ಡು ಸೋರಿ ಇದಕ್ಕೆ ಮಳೆ ಹನಿ ಬೀಳತ್ತಲ್ಲ ಅಕ್ಕ. ಮೇಲೊಂದು ಹೊಸ ತಗಡು ಹಾಕಿಸ್ತೀನಿ. ಆ್ಯಪ್ ಬಂದ್ರೂ ಬರಲಿ, ಇದೂ ಇರಲಿ. ಮೇಲಿನವರಿಗೆ ನಾನು ಹೇಳ್ಕೊಳ್ತೀನಿ" ಎನ್ನುತ್ತಾರೆ. ಹೇಳಬೇಕಾದ್ದು ಇನ್ನೂ ಇದೆ ಎನ್ನುವಂತೆ, "ಈ ಕೆಲಸಕ್ಕೆ ನಿಮಗೊಂದು ಸನ್ಮಾನ ಆಗ್ಬೇಕಿತ್ತು. ಏನು ಬೇಕು ಹೇಳಿ, ಬರೆದು ಕಳಿಸ್ತೀನಿ" ಎಂದು ಕೇಳುತ್ತಾರೆ.

ಅಕ್ಕ ಅವರ ಹೆಗಲ ಆಚೆಗೆ ಕತ್ತು ಚಾಚಿ ಚಾಚಿ ನೋಡುತ್ತಿದ್ದಾರೆ.

"ಆಮೇಲೆ ಹೇಳ್ತೀನಿ ಸರ್. ಈಗ ಒಂಚೂರು ಪಕ್ಕಕ್ಕೆ ಬನ್ನಿ, ದಾರಿ ಕಾಣ್ತಿಲ್ಲ. ಇನ್ನೂ ಇಬ್ಬರು ಬರ್ಬೇಕು."