ಹಾಡಿಯ ಮಕ್ಕಳ ಹೆಸರು ಕೇಳುವ ಆಯಾ

ಬೆಳಗಿನ ಐದೂವರೆ. ನಗರದ ಬಾಲಮಂದಿರವೊಂದರ ಹಿತ್ತಿಲಲ್ಲಿ ಹಂಡೆಯ ನೀರು ಕಾಯುತ್ತಿದೆ. ಆಯಾ ಪುಟ್ಟತಾಯಮ್ಮ ಆರು ವರ್ಷದ ಹುಡುಗಿಯೊಬ್ಬಳನ್ನು ಕಲ್ಲಿನ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಾರೆ. ಪೊಲೀಸರು ನಿನ್ನೆ ಬಸ್ ನಿಲ್ದಾಣದಿಂದ ತಂದುಬಿಟ್ಟ ಮಗು. ರಿಜಿಸ್ಟರಿನಲ್ಲಿ 'ಕಮಲ, ಅನಾಥೆ' ಎಂದು ಬರೆದಾಗಿದೆ.

"ನಿಮ್ಮವ್ವ ನಿನ್ನ ಏನಂತ ಕೂಗ್ತಾಳೆ?"

ಹುಡುಗಿ ತಲೆ ತಿರುಗಿಸಿ ಹೇಳುತ್ತಾಳೆ. "ಬೊಳ್ಳಿ."

"ಯಾವ ಹಾಡಿ ಕಣವ್ವ?"

ಅದಕ್ಕೂ ಉತ್ತರವಿದೆ. ಅವ್ವ ಇದ್ದಾಳೆ, ಗುಡಿಸಲಿದೆ. ಅನಾಥೆ ಎಂದು ಬರೆದವರು ಕೇಳಿರಲಿಲ್ಲ, ಅಷ್ಟೆ.

ಐವತ್ತೆರಡು ವರ್ಷದ ಪುಟ್ಟತಾಯಮ್ಮ ದಿನಾ ಮಂಡಿ ಮೊಹಲ್ಲಾದಿಂದ ನಡೆದು ಬರುತ್ತಾರೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಈಗಿರುವ ನಲವತ್ತಮೂರು ಮಕ್ಕಳಲ್ಲಿ ಇಪ್ಪತ್ತೇಳು ಮಂದಿ ಹೆಗ್ಗಡದೇವನಕೋಟೆ ಕಡೆಯ ಕಾಡಿನ ಹಾಡಿಗಳಿಂದ ಬಂದ ಜೇನುಕುರುಬರ ಮಕ್ಕಳು. ಪೇಟೆಯಲ್ಲಿ ದಿನವಿಡೀ ನಿಂತರೂ ಆ ಜನ ನಾಲ್ವರು ಕಣ್ಣಿಗೆ ಬೀಳುವುದಿಲ್ಲ. ಅವರ ಮಕ್ಕಳು ಮಾತ್ರ ಇಲ್ಲಿ ಅರ್ಧಕ್ಕಿಂತ ಹೆಚ್ಚು. ಜೇನು ಮಾರಲು ಬಂದ ಅಪ್ಪ ಅಂಗಡಿಯೊಳಗಿದ್ದಾಗ, ಹೊರಗೆ ನಿಂತ ಮಗು ಪೊಲೀಸರ ಕಣ್ಣಿಗೆ ದಿಕ್ಕಿಲ್ಲದ್ದಾಗಿಬಿಡುತ್ತದೆ. ಮೈಮೇಲಿನ ಹರಕು ಬಟ್ಟೆಯೇ ಸಾಕ್ಷಿ. ಇದೇ ಬೀದಿಯಲ್ಲಿ ಹತ್ತು ವರ್ಷ ಓಡಾಡಿದ ನಾನೂ, ಒಳ್ಳೆಯ ಕೆಲಸ ನಡೆಯುತ್ತಿದೆ ಎಂದುಕೊಂಡೇ ಮುಂದೆ ಹೋಗುತ್ತಿದ್ದೆ.

ಹೊಗಳಿಕೆಯ ಮಾತೆತ್ತಿದರೆ ಪುಟ್ಟತಾಯಮ್ಮ ತಲೆ ತಗ್ಗಿಸುತ್ತಾರೆ. "ಮೊದ್ಲು ನಾನ್ ಮಾಡಿದ್ದು ಕೇಳಿ ಸ್ವಾಮಿ."

ಏಳು ವರ್ಷದ ಹಿಂದೆ, ಐವತ್ತಾರನೇ ಇಸವಿ. ಮಾಸ್ತಿ ಎಂಬ ಎಂಟು ವರ್ಷದ ಹುಡುಗಿಯನ್ನು ಹುಡುಕಿಕೊಂಡು ಅವಳಪ್ಪ ಗೇಟಿಗೆ ಬಂದ. ಕಾಗದಪತ್ರ ಇಲ್ಲದವರಿಗೆ ಮಗುವನ್ನು ತೋರಿಸಕೂಡದೆಂದು ಮೇಲಿನವರ ಅಪ್ಪಣೆಯಿತ್ತು.

"ಅಂಥ ಹುಡ್ಗಿ ಇಲ್ಲಿಲ್ಲ ಅಂದ್ಬುಟ್ಟೆ. ಮೂರು ದಿನ ಬಂದ, ಮೂರು ದಿನಾನೂ ಅದೇ ಅಂದೆ. ಒಳಗಿಂದ ಮಗು, 'ನಮ್ಮಪ್ಪನ ದನಿ' ಅಂತು. 'ಅವ್ನು ಹಾಲಿನೋನು, ಮಲೀಕೊ' ಅಂದೆ. ಕೆಲ್ಸ ಹೋಗ್ತದೆ ಅನ್ನೋ ಭಯ."

ಮರುತಿಂಗಳು ಮಾಸ್ತಿಯನ್ನು ಬೆಂಗಳೂರಿನ ಯಾರದೋ ಮನೆಗೆಲಸಕ್ಕೆ ಕಳುಹಿಸಿದರು. ವಿಳಾಸ ಕೇಳಿದರೆ, ಆಯಾಗೆ ಯಾಕೆ ಅದು ಎಂದರು.

ಮಾಸ್ತಿ ಹೇಳುತ್ತಿದ್ದ ಹಾಡಿಯ ಹೆಸರೊಂದನ್ನೇ ಹಿಡಿದು ಪುಟ್ಟತಾಯಮ್ಮ ಬಸ್ಸು ಹತ್ತಿದರು. ಕಾಡುದಾರಿ ನಡೆದು, ಆ ಅಪ್ಪನ ಎದುರು ಕೂತು ಎಲ್ಲ ಒಪ್ಪಿಕೊಂಡರು.

"ಬಯ್ಯಲಿಲ್ಲ ಸ್ವಾಮಿ. ಸುಟ್ಟ ಗೆಣಸು ಕೊಟ್ಟ. 'ಸರಿಯಾಗಿ ಉಣ್ತಿದ್ಲಾ?' ಅಂತ ಅಷ್ಟೇ ಕೇಳ್ದ. ಆ ಗೆಣಸು ಸೆರಗಿಗೆ ಕಟ್ಕೊಂಡು ಬಂದೆ."

ಅಂದಿನಿಂದ ಅವರ ರಜೆಗಳೆಲ್ಲ ಹಾಡಿಗಳಿಗೆ. ಮಗುವಿನ ಹೆತ್ತವರನ್ನು ಹುಡುಕಿ, ಮಗು ಇವರದೇ ಎಂದು ಪಟೇಲರಿಂದ ಕಾಗದ ಬರೆಸಿಕೊಂಡು, ಅವರನ್ನು ಕರೆತಂದು ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಲ್ಲಿಸುತ್ತಾರೆ. ಕೆಲಸದಿಂದ ತೆಗೆಯುತ್ತೇವೆಂದು ಎರಡು ಸಲ ನೋಟೀಸು ಬಂದಿದೆ. ಏಳು ವರ್ಷದಲ್ಲಿ ಒಂಬತ್ತು ಮಕ್ಕಳು ಮನೆ ಸೇರಿದ್ದಾರೆ. ದೊಡ್ಡ ಕೆಲಸ ಎಂದೆ.

"ಅವರ ಮಕ್ಕಳನ್ನ ಅವರಿಗೆ ಕೊಟ್ಟೆ. ಅದೇನು ದೊಡ್ಡದು?"

ಆಸೆ ಏನಾದರೂ ಇದೆಯೇ ಎಂದು ಕೇಳಿದೆ. ಮಾಸ್ತಿಗೆ ಈಗ ಹದಿನೈದು ತುಂಬಿರಬೇಕು ಎಂದು ಲೆಕ್ಕ ಹಾಕಿದರು.

"ಎಲ್ಲಾದ್ರೂ ಸಿಕ್ಕಿದ್ರೆ, ಅವತ್ತು ಬಂದಿದ್ದು ನಿಮ್ಮಪ್ಪನೇ ಕಣವ್ವ ಅಂತ ಹೇಳ್ಬೇಕು. ಆಮೇಲೆ ಅವ್ಳು ಬಯ್ದ್ರೆ ಬಯ್ಸ್ಕೋತೀನಿ."