ಟೆಂಟಿನೊಳಗಿನ ಹಗ್ಗ

ಸುಂಟಿಕೊಪ್ಪಕ್ಕೆ ಬಂದಿದ್ದ ಟೂರಿಂಗ್ ಟಾಕೀಸಿನ ಮ್ಯಾನೇಜರಿಗೆ ಸಿನಿಮಾಕ್ಕಿಂತ ಊರಿನ ಶೀಲದ್ದೇ ದೊಡ್ಡ ಚಿಂತೆ. ಗಂಡಸರಿಗೂ ಹೆಂಗಸರಿಗೂ ನಡುವೆ ಹಗ್ಗ ಕಟ್ಟಿ, ಟಾರ್ಚ್ ಹಿಡಿದು ಕಾಯುತ್ತಿದ್ದ ಮಹಾನುಭಾವ. ನಾನಾಗ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಒಂದು ಸಂಜೆ ನಮ್ಮ ಲಾರಿ ಡ್ರೈವರ್ ಪೊನ್ನಪ್ಪನ ಜೊತೆ ಹೋಗಿದ್ದೆ.

ನಾಯಕಿ ಬಂದಾಗ ಇಡೀ ಟೆಂಟು ಶಿಳ್ಳೆ ಹೊಡೆಯಿತು. ನನಗೆ ಆಕಳಿಕೆ ಬಂತು. ಆಮೇಲೆ ನಾಯಕ ಒದ್ದೆ ಮೈಯಲ್ಲಿ ಹೊಳೆಯಿಂದೆದ್ದು ಬಂದ. ಆಕಳಿಸಲು ತೆರೆದ ಬಾಯಿ ಮುಚ್ಚುವುದನ್ನೇ ಮರೆತೆ. ಮದುವೆಯ ಮಾತೆತ್ತಿದರೆ ನಾನೇಕೆ ಓಡುತ್ತೇನೆಂದು ಅವತ್ತು ತಿಳಿಯಿತು. ಪಕ್ಕದಲ್ಲಿ ಪೊನ್ನಪ್ಪನೂ ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದ.

"ನಿಂಗೂ ಅವನೇನಾ?" ಎಂದು ಪಿಸುಗುಟ್ಟಿದೆ.

ಅವನು ನನ್ನ ಕೈ ಹಿಡಿದ.

ಅಷ್ಟರಲ್ಲಿ ಟಾರ್ಚಿನ ಬೆಳಕು ನಮ್ಮ ಕೈಗಳ ಮೇಲೇ ಬಿತ್ತು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಬೆಳಕು ಹಿಂದಕ್ಕೆ ಸರಿದು, ಹಗ್ಗ ದಾಟಿ ಬಂದು ಗಂಡನ ಪಕ್ಕ ಕೂತಿದ್ದ ಹೊಸ ಮದುವಣಗಿತ್ತಿಯ ಮೇಲೆ ನಿಂತಿತು.

"ನಾಚಿಕೆ ಆಗಲ್ವಾ? ಏಳಮ್ಮ, ಆ ಕಡೆ ಹೋಗು! ಈ ಇಬ್ಬರನ್ನ ನೋಡಿ ಕಲೀರಿ. ಒಂದು ಸಲಾನೂ ಹೆಂಗಸರ ಕಡೆ ತಿರುಗಿಲ್ಲ!"

ಮುಂದಿನ ವಾರ ಆ ಶೀಲರಕ್ಷಕ ನಮ್ಮಿಬ್ಬರಿಗೆಂದೇ ಮೂಲೆಯ ಬೆಂಚನ್ನು ಕಾದಿರಿಸಿ ಇಟ್ಟಿದ್ದ.