ಮಂಜಿನೊಳಗಿಂದ ಅಣ್ಣ ಮಾತಾಡಿದ ಸಂಜೆ

ಇದು ಯಾರೋ ಹೇಳಿದ್ದನ್ನು ಕೇಳಿ ಬರೀತಿರೋದಲ್ಲ. ನನ್ನ ಈ ಎರಡು ಕಿವಿಯಿಂದ ಕೇಳಿದ್ದು. ನನ್ನ ಜೊತೆ ಇನ್ನೊಬ್ಬರೂ ಕೇಳಿದ್ದಾರೆ. ಅವರು ಪುಚೊಂಗ್‌ನಲ್ಲಿದ್ದಾರೆ, ಚೆನ್ನಾಗಿದ್ದಾರೆ. ಕೇಳಿದರೆ ಅವರೂ ಹೌದು ಅಂತಾರೆ. ಆದರೆ ದಯವಿಟ್ಟು ಅವರನ್ನ ಕೇಳಬೇಡಿ...

ನನ್ನ ಹೆಸರು ನಸ್ರೀನ್. ಹುಟ್ಟಿ ಬೆಳೆದದ್ದು ಹುಬ್ಬಳ್ಳಿ. ಈಗ ಪೆನಾಂಗ್‌ನ ಬಯಾನ್ ಲೆಪಾಸ್‌ನಲ್ಲಿ ಚಿಪ್ ತಯಾರಿಸೋ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್. ನನ್ನನ್ನ ಮಲೇಷ್ಯಾಕ್ಕೆ ಕರೆಸಿಕೊಂಡವನು ನಮ್ಮಣ್ಣ ಸಲೀಂ. ಅವನು ಕ್ಲಾಂಗ್ ಬಂದರಿನಲ್ಲಿ ಹಡಗಿನ ಸರಕು ಕಳಿಸೋ ಕಂಪನಿಯಲ್ಲಿದ್ದ. ಮನೆ ಪುಚೊಂಗ್‌ನಲ್ಲಿ. ಹೆಂಡತಿ ರುಖ್ಸಾನಾ ಭಾಭಿ, ಒಬ್ಬಳೇ ಮಗಳು ಆಯಿಷಾ.

ಮೂರು ವರ್ಷದ ಹಿಂದೆ ಕಂಪನಿಯವರು ಅವನನ್ನ ಟ್ರೈನಿಂಗ್‌ಗೆ ಅಂತ ಸ್ವಿಟ್ಜರ್‌ಲೆಂಡಿಗೆ ಕಳಿಸಿದರು. ಜ್ಯೂರಿಕ್‌ನಿಂದ ರೈಲಲ್ಲಿ ಹೋಗುವಂಥ ಒಂದು ಸಣ್ಣ ಊರು. ಸರೋವರದ ದಂಡೆಗೆ ಅಂಟಿಕೊಂಡೇ ಕಟ್ಟಿದ ಹಳೇ ಪೇಟೆ. ಊರಿನ ಹೆಸರು ಬರೆಯಲ್ಲ. ಅಲ್ಲಿನ ಜನ ನಮಗೆ ಒಳ್ಳೇದನ್ನೇ ಮಾಡಿದರು, ನನ್ನಿಂದ ಆ ಊರಿಗೆ ಕೆಟ್ಟ ಹೆಸರು ಬರೋದು ಬೇಡ.

ಒಂದು ಭಾನುವಾರ ಬಿಸಿಲು ಚೆನ್ನಾಗಿತ್ತಂತೆ. ಅಣ್ಣ ಮತ್ತು ಜೊತೆಗೆ ಕೆಲಸ ಮಾಡೋ ಇಬ್ಬರು ಬಾಡಿಗೆ ದೋಣಿ ತಗೊಂಡು ಹೋದರು. ಬೆಟ್ಟದ ಕಡೆಯಿಂದ ಒಮ್ಮೆಲೇ ಗಾಳಿ ಎದ್ದು ದೋಣಿ ಮಗುಚಿತು. ಇಬ್ಬರು ಮೇಲೆ ಬಂದರು. ಅಣ್ಣ ಬರಲಿಲ್ಲ.

ದಿನಗಟ್ಟಲೆ ಹುಡುಕಿದರು. ಆಮೇಲೆ ಪೊಲೀಸರೊಬ್ಬರು ಫೋನಿನಲ್ಲಿ ತುಂಬಾ ಮೆತ್ತಗೆ ಹೇಳಿದರು: "ನಮ್ಮ ಸರೋವರ ಬಹಳ ಆಳ ಮೇಡಂ. ತಳದಲ್ಲಿ ನೀರು ಬಹಳ ತಣ್ಣಗಿರುತ್ತೆ. ಕೆಲವು ಸಲ ಅದು ವಾಪಸ್ ಕೊಡಲ್ಲ."

ದೇಹವಿಲ್ಲ, ಹೊದಿಸಲಿಕ್ಕೆ ಕಫನ್ ಬಟ್ಟೆ ಇಲ್ಲ. ಒಂದು ಹಿಡಿ ಮಣ್ಣು ಹಾಕೋಣ ಅಂದರೆ ಗೋರಿಯೂ ಇಲ್ಲ.

ಭಾಭಿ ಒಪ್ಪಲೇ ಇಲ್ಲ. "ಯಾರಾದರೂ ನೋಡಿದ್ದೀರಾ? ನೋಡಿಲ್ಲ ಅಂದ್ಮೇಲೆ ಹೇಗೆ ಹೇಳ್ತೀರಾ?" ಅನ್ನೋರು. ಗಂಡ ತೀರಿಕೊಂಡ ಮೇಲೆ ಹೆಂಡತಿ ಮನೆಯೊಳಗೇ ಕೂರೋ ಇದ್ದತ್‌ಗೆ ಕೂರಲಿಲ್ಲ. ಹುಬ್ಬಳ್ಳಿಯಿಂದ ಅಮ್ಮಿ ಫೋನ್ ಮಾಡಿ, ಸತ್ತವರಿಗೆ ಮಾಡೋ ಜನಾಜಾ ನಮಾಜನ್ನ ದೂರದಿಂದಲೇ ಮಾಡಿಸೋಣ ಅಂತ ಅತ್ತರೆ, ಭಾಭಿ ಫೋನ್ ಇಟ್ಟುಬಿಡೋರು. ಅಣ್ಣನ ಅಂಗಿ ವಾರವಾರ ಒಗೆದು ಇಸ್ತ್ರಿ ಹಾಕಿಡೋರು. ಮಾಮಕ್ ಹೋಟೆಲಿನಿಂದ ರಾತ್ರಿಗೆ ಟಪಾವ್, ಅಂದರೆ ಪಾರ್ಸೆಲ್ ಊಟ, ತಂದರೆ ಅವನ ಪಾಲಿನ ಪೊಟ್ಟಣವೂ ಇರ್ತಿತ್ತು.

ನಾನು ಒಂದು ಸಲ ಪುಚೊಂಗ್‌ಗೆ ಹೋದಾಗ ಆಯಿಷಾ ನನ್ನನ್ನ ಅಡುಗೆಮನೆಗೆ ಎಳ್ಕೊಂಡು ಹೋದಳು. ಅವಳಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಮಲೇಷ್ಯಾದ ಇಂಗ್ಲಿಷಿನಲ್ಲಿ. ಅವಳಿಗೆ ನಾನು ಫುಪ್ಪು, ಸೋದರತ್ತೆ.

"ಫುಪ್ಪು, ಪ್ಲೀಸ್ ಟೆಲ್ ಹರ್ ಲಾ," ಅಂದಳು ಪಿಸುದನಿಯಲ್ಲಿ. "ಎವ್ರಿ ನೈಟ್ ಐ ಈಟ್ ಅಬ್ಬಾ'ಸ್ ಫುಡ್. ಐ ಕಾಂಟ್ ಎನಿಮೋರ್."

ತಾಯಿ ಬೆಳಿಗ್ಗೆ ಎದ್ದು ಆ ಪೊಟ್ಟಣ ಹಾಗೇ ಇದ್ದದ್ದು ನೋಡಬಾರದು ಅಂತ, ಹನ್ನೊಂದು ವರ್ಷದ ಮಗು ದಿನಾ ಅಪ್ಪನ ಊಟವನ್ನೂ ತಿಂತಾ ಇತ್ತು...

ಆ ರಾತ್ರಿ ನಾನು ಭಾಭಿ ಹತ್ತಿರ ಕೂತೆ. ಜಗಳ ಆಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ. ಅವರು ಹೇಳಿದರು: "ನಸ್ಸು, ಒಂದು ಸಲ ಆ ನೀರು ನೋಡಬೇಕು. ನೋಡಿದ ಮೇಲೆ ನೀವೆಲ್ಲ ಏನು ಹೇಳಿದರೂ ಕೇಳ್ತೀನಿ."

ಹಾಗೆ ಹೊರಟೆವು ನಾವಿಬ್ಬರು. ಆಯಿಷಾಳನ್ನ ಪಕ್ಕದ ಮನೆ ತಮಿಳು ಅಕ್ಕ ನೋಡಿಕೊಳ್ತೀನಿ ಅಂದರು. ನವೆಂಬರ್ ತಿಂಗಳು.

ಆ ಊರು ತಲುಪಿದೆವು. ಕಲ್ಲು ಹಾಸಿದ ಕಿರಿದಾದ ಬೀದಿಗಳು. ಒಂದಕ್ಕೊಂದು ಆತುಕೊಂಡ ಹಳೇ ಮನೆಗಳು, ಹಸಿರು ಕೆಂಪು ಕಿಟಕಿ ಬಾಗಿಲು, ಪ್ರತಿ ಕಿಟಕಿಗೂ ಹೂಕುಂಡ. ಮೂಲೆಯಲ್ಲಿ ಒಬ್ಬ ಕೆಂಡದ ಮೇಲೆ ಚೆಸ್ಟ್‌ನಟ್ ಸುಡ್ತಿದ್ದ, ಗೋಡಂಬಿ ಹುರಿದಂಥ ಘಮ. ಬೀದಿ ಇಳಿದರೆ ನೀರು. ನೀರಿನ ಮೇಲೆ ಹಂಸಗಳು.

ಭಾಭಿ ನಡು ಬೀದಿಯಲ್ಲಿ ನಿಂತುಬಿಟ್ಟರು. "ಇದು ಇಷ್ಟು ಚಂದ ಇರಬಾರದಿತ್ತು," ಅಂದರು.

ಅಣ್ಣ ಇಳಿದುಕೊಂಡಿದ್ದ ಹಳೇ ಮನೆಯಲ್ಲೇ ನಾವೂ ಕೋಣೆ ಹಿಡಿದಿದ್ದೆವು. ಮನೆಯೊಡತಿ ವಯಸ್ಸಾದವರು, ಬಿಳಿ ಕೂದಲು, ಅರೆಬರೆ ಇಂಗ್ಲಿಷ್. ನಾವು ಯಾರು ಅಂತ ಗೊತ್ತಾದ ಕೂಡಲೇ ಭಾಭಿಯ ಎರಡೂ ಕೈ ಹಿಡಕೊಂಡರು. "ಅವರು ದಿನಾ ಬೆಳಿಗ್ಗೆ ಮಗಳ ಫೋಟೋ ತೋರಿಸೋರು. ನನ್ನ ಸೂಪಿಗೆ ಉಪ್ಪಿನಕಾಯಿ ಹಾಕ್ಕೊಂಡು ಕುಡಿಯೋರು," ಅಂತ ಹೇಳಿ ಕಣ್ಣು ಒರೆಸಿಕೊಂಡರು. ಭಾಭಿ ಅಳಲಿಲ್ಲ. "ಎಲ್ಲಿಂದ ದೋಣಿ ಹೊರಟಿತ್ತು?" ಅಂತಷ್ಟೇ ಕೇಳಿದರು.

ಕೆಳಗಿನ ಬೀದಿಯ ಕೊನೆಯಲ್ಲಿ ಮರದ ಕಟ್ಟೆಯೊಂದು ನೀರಿನೊಳಗೆ ಚಾಚಿದೆ, ಅಲ್ಲಿಂದ ಅಂದರು. "ನಾಳೆ ಬೆಳಿಗ್ಗೆ ಹೋಗಿ. ಈಗ ಕತ್ತಲಾಗುತ್ತೆ, ಮಂಜು ಇಳೀತಿದೆ."

ಭಾಭಿ ಆಗಲೇ ಕೋಟಿನ ಗುಂಡಿ ಹಾಕ್ಕೊಳ್ತಿದ್ದರು.

ಅಲ್ಲಿ ನವೆಂಬರ್‌ನಲ್ಲಿ ಸಂಜೆ ಅನ್ನೋದೇ ಇಲ್ಲ. ಟೀ ಹೊತ್ತಿಗೇ ರಾತ್ರಿ. ನಾವು ಕೆಳಗಿಳಿಯೋ ಹೊತ್ತಿಗೆ ಬೀದಿದೀಪಗಳ ಸುತ್ತ ಮಂಜು ಹತ್ತಿಯ ಹಾಗೆ ಸುತ್ತಿಕೊಂಡಿತ್ತು. ಅಂಗಡಿಗಳ ಬಾಗಿಲು ಹಾಕಿತ್ತು. ನಮ್ಮ ಬೂಟಿನ ಸದ್ದು ಗೋಡೆಗೆ ಬಡಿದು ವಾಪಸ್ ಬರ್ತಿತ್ತು... ಯಾರೋ ಹಿಂದೆ ಬಂದ ಹಾಗೆ. ನಾನು ಎರಡು ಸಲ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಕಟ್ಟೆಯ ಮೇಲೆ ಕಾಲಿಟ್ಟರೆ ಹಲಗೆ ಒದ್ದೆ. ಕೊಳೆತ ಮರದ ವಾಸನೆ, ಪಾಚಿಯ ವಾಸನೆ. ಎಲ್ಲೋ ಕಟ್ಟಿದ ದೋಣಿಗಳ ಹಗ್ಗ ಕಂಬಕ್ಕೆ ಬಡೀತಿತ್ತು... ಟಣ್... ಟಣ್... ಟಣ್...

ಕಟ್ಟೆಯ ತುದಿಗೆ ಹೋಗಿ ನಿಂತೆವು. ಮುಂದೆ ಏನೂ ಇಲ್ಲ. ನೀರೆಲ್ಲಿ ಮುಗೀತು, ಮಂಜೆಲ್ಲಿ ಶುರುವಾಯ್ತು ಗೊತ್ತಾಗ್ತಿರಲಿಲ್ಲ. ಕೈ ಚಾಚಿದರೆ ಬೆರಳ ತುದಿ ಮಸುಕು.

ಸತ್ತವರಿಗೆ ಓದೋ ಫಾತಿಹಾ ಓದೋಣ ಅಂತ ನಾನು ಮೆಲ್ಲಗೆ ಹೇಳಿದೆ. ಭಾಭಿ ತಲೆ ಆಡಿಸಿದರು, ಬೇಡ ಅಂತ. ಓದಿದರೆ ಒಪ್ಪಿಕೊಂಡ ಹಾಗೆ.

ಆಮೇಲೆ ಅವರು ಕರೆದರು. ಮೊದಲು ಪಕ್ಕದ ಕೋಣೆಯಲ್ಲಿದ್ದವರನ್ನ ಕರೆದ ಹಾಗೆ... "ಸಲೀಂ?"

ಮಂಜು ಆ ಹೆಸರನ್ನ ನುಂಗಿಬಿಟ್ಟಿತು.

ಮತ್ತೆ ಕರೆದರು, ಗಟ್ಟಿಯಾಗಿ. ಮತ್ತೆ. ಕೊನೆಗೆ ಗಂಟಲು ಹರಿಯೋ ಹಾಗೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಭಾಭಿ ದನಿ ಎತ್ತಿದ್ದು ನಾನು ಕೇಳಿರಲಿಲ್ಲ. ನನಗೆ ತಡೆಯಲಿಕ್ಕಾಗಲಿಲ್ಲ. "ಬನ್ನಿ ಭಾಭಿ, ಸಾಕು" ಅಂತ ತೋಳು ಹಿಡಿದೆ.

ಆಗ ಹಗ್ಗದ ಸದ್ದು ನಿಂತಿತು.

ಗಾಳಿ ನಿಂತಿತೇನೋ ಅಂದ್ಕೊಂಡೆ. ಆದರೆ ಕಟ್ಟೆಗೆ ನೀರು ಬಡಿಯೋ ಸದ್ದೂ ನಿಂತಿತ್ತು. ಕಿವಿಗೆ ಹತ್ತಿ ತುರುಕಿದ ಹಾಗೆ...

ಅದಾದ ಮೇಲೆ ವಾಸನೆ ಬಂತು. ಡೀಸೆಲ್, ಬೆವರು, ಲವಂಗ. ಅಣ್ಣ ಸಿಗರೇಟು ಬಿಟ್ಟ ಮೇಲೆ ಯಾವಾಗಲೂ ಬಾಯಲ್ಲಿ ಲವಂಗ ಇಟ್ಕೊಳ್ತಿದ್ದ. ಬಂದರಿನಿಂದ ಮನೆಗೆ ಬಂದರೆ ಇದೇ ವಾಸನೆ ಬಾಗಿಲಲ್ಲಿ ಮೊದಲು ಬರ್ತಿತ್ತು.

ಎಡಗಡೆ, ನೀರಿನ ಮಟ್ಟದಲ್ಲಿ, ಬಹಳ ಹತ್ತಿರದಿಂದ, ಅವನ ದನಿ.

ಕೂಗಿದ್ದಲ್ಲ. ಅತ್ತಿದ್ದೂ ಅಲ್ಲ. ಚಿಕ್ಕವರಿದ್ದಾಗ ಕರೆಂಟ್ ಹೋದರೆ ಕತ್ತಲಲ್ಲಿ ಪಕ್ಕದ ಹಾಸಿಗೆಯಿಂದ ಮಾತಾಡ್ತಿದ್ದನಲ್ಲ, ಹಾಗೆ. ನಮ್ಮ ಹುಬ್ಬಳ್ಳಿ ಕನ್ನಡದಲ್ಲಿ.

"ನಸ್ಸು... ಇಲ್ಲಿ ಭಾಳ ಥಂಡಿ ಐತಿ. ನನ್ನ ಬಿಟ್ಟು ಹೋಗಬ್ಯಾಡ."

ಇಷ್ಟೇ. ಒಂದೇ ಸಲ.

ಮುಂದೆ ಏನಾಯ್ತು ಅಂತ ನನಗೆ ಸರಿಯಾಗಿ ನೆನಪಿಲ್ಲ. ಭಾಭಿ ನನ್ನ ಕೋಟು ಹಿಡಿದು ಹಿಂದಕ್ಕೆ ಎಳೆದಾಗ ಎಚ್ಚರ ಬಂತು. ನನ್ನ ಒಂದು ಕಾಲು ಹಲಗೆಯ ಅಂಚಿನಿಂದ ಆಚೆ ಇತ್ತು. ನಾನು ಯಾವಾಗ ನಡೆದೆ? ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

"ಕೇಳಿಸ್ತಾ?" ಅಂದರು ಭಾಭಿ.

"ಹ್ಞೂಂ," ಅಂದೆ.

ಅವರ ಮುಖ ನೋಡಿದೆ. ಕಣ್ಣೀರು ಧಾರೆಯಾಗಿ ಇಳೀತಿತ್ತು, ಆದರೆ ಮುಖ... ಅಷ್ಟು ಸಮಾಧಾನದ ಮುಖ ಅಣ್ಣ ಹೋದ ಮೇಲೆ ನಾನು ನೋಡಿರಲಿಲ್ಲ. ಅವರು ಅಲ್ಲೇ ನಿಂತು ಎರಡೂ ಕೈ ಎತ್ತಿ ಫಾತಿಹಾ ಓದಿದರು. ಪೂರ್ತಿ, ನಿಧಾನವಾಗಿ. ನನ್ನ ನಾಲಿಗೆ ಮಾತ್ರ ಏಳಲಿಲ್ಲ.

ಮತ್ತೆ ಹಗ್ಗ ಬಡಿಯಲಿಕ್ಕೆ ಶುರುವಾಯ್ತು... ಟಣ್... ಟಣ್...

ಆ ರಾತ್ರಿ ಭಾಭಿ ಮಗುವಿನ ಹಾಗೆ ನಿದ್ದೆ ಮಾಡಿದರು. ನಾನು ದೀಪ ಆರಿಸಲಿಲ್ಲ. ಚರ್ಚಿನ ಗಂಟೆ ಕಾಲುಕಾಲು ಗಂಟೆಗೆ ಬಡೀತಿತ್ತು. ಕಿಟಕಿ ಕೆಳಗೆ ನೀರು. ಎದ್ದು ಕಿಟಕಿ ತೆಗೆದುಬಿಡ್ತೀನೇನೋ ಅಂತ ನನಗೆ ನನ್ನದೇ ಭಯ. ದುಪಟ್ಟಾದಿಂದ ನನ್ನ ಕೈಯನ್ನ ಭಾಭಿಯ ಕೈಗೆ ಕಟ್ಟಿಕೊಂಡು ಬೆಳಗು ಮಾಡಿದೆ.

ಬೆಳಿಗ್ಗೆ ಮಂಜು ಸರಿದು ಹಿಮದ ಬೆಟ್ಟಗಳು ಕಂಡವು. ನಾನೊಬ್ಬಳೇ ಹೋಗಿ ಕಟ್ಟೆ ನೋಡಿ ಬಂದೆ. ಎಡಗಡೆ ದೋಣಿ ಇಲ್ಲ, ಕಂಬ ಇಲ್ಲ, ಬರೀ ಕಪ್ಪು ನೀರು. ಮನೆಯೊಡತಿಗೆ, ನಿನ್ನೆ ಯಾರೋ ಮಾತಾಡಿದ ಹಾಗೆ ಕೇಳಿಸ್ತು ಅಂದೆ. "ಮಂಜಿದ್ದಾಗ ದನಿ ನೀರಿನ ಮೇಲೆ ದೂರ ಹೋಗುತ್ತಮ್ಮ. ಆಚೆ ದಂಡೆಯವರು ಯಾರೋ ಮಾತಾಡಿರಬೇಕು," ಅಂದರು.

ಆಚೆ ದಂಡೆಯಲ್ಲಿ ಹುಬ್ಬಳ್ಳಿ ಕನ್ನಡ ಮಾತಾಡೋರು ಯಾರಿರ್ತಾರೆ?

ದಾರಿಯುದ್ದಕ್ಕೂ ಭಾಭಿ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪುಚೊಂಗ್‌ಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ, ಅಣ್ಣನ ಅಂಗಿಗಳನ್ನ ಮಡಚಿ ಮಸೀದಿಗೆ ಕೊಡಲಿಕ್ಕೆ ಚೀಲಕ್ಕೆ ತುಂಬಿದ್ದು. ನಾನು ಪಕ್ಕದಲ್ಲಿ ಕೂತು ಗುಂಡಿ ಹಾಕಿ ಕೊಡ್ತಿದ್ದೆ. ಆಯಿಷಾ ಸ್ಕೂಲಿಗೆ ಹೋಗಿದ್ದಳು.

"ಎಷ್ಟು ಪ್ರೀತಿಯಿಂದ ಹೇಳಿದರಲ್ಲ ನಸ್ಸು," ಅಂದರು ಭಾಭಿ, ಅಂಗಿಯ ಕಾಲರ್ ಸವರುತ್ತಾ. "'ರುಖ್ಸಾನಾ, ಮೈಂ ಆರಾಮ್ ಸೆ ಹೂಂ. ತುಮ್ ಘರ್ ಕೋ ಜಾವ್.' ನಾನು ಆರಾಮಾಗಿದ್ದೀನಿ, ನೀನು ಮನೆಗೆ ಹೋಗು ಅಂತ. ಆ ಉರ್ದು ಅವರದ್ದೇ. ನನ್ನ ಜೊತೆ ಮಾತ್ರ ಹಾಗೆ ಮಾತಾಡೋರು."

ನನ್ನ ಕೈ ಗುಂಡಿಯ ಮೇಲೆ ಹಾಗೇ ನಿಂತಿತು.

"ನಿನಗೂ ಅದೇ ಕೇಳಿಸ್ತಲ್ಲ?"

ಭಾಭಿ ನನ್ನ ಕಣ್ಣೊಳಗೇ ನೋಡ್ತಿದ್ದರು. ಅಷ್ಟು ದಿನ ನಿದ್ದೆಯಿಲ್ಲದೆ ಕಪ್ಪಗಾಗಿದ್ದ ಆ ಕಣ್ಣು ಸ್ವಲ್ಪ ತಿಳಿಯಾಗಿತ್ತು.

"ಹೌದು ಭಾಭಿ," ಅಂದೆ. "ಅದೇ."

ಅವರು ಇದ್ದತ್‌ಗೆ ಕೂತರು. ಹುಬ್ಬಳ್ಳಿಯಲ್ಲಿ ಅಮ್ಮಿ ನಮಾಜ್ ಮಾಡಿಸಿದರು. ಈಗ ಭಾಭಿ ಮಕ್ಕಳಿಗೆ ಟ್ಯೂಷನ್ ಹೇಳ್ತಾರೆ, ಪಕ್ಕದ ಅಕ್ಕನ ಜೊತೆ ಮಾರ್ಕೆಟ್ಟಿಗೆ ಹೋಗ್ತಾರೆ, ಒಮ್ಮೊಮ್ಮೆ ನಗ್ತಾರೆ ಕೂಡ. ಆಯಿಷಾ ರಾತ್ರಿ ತನ್ನ ಪಾಲಿನ ಊಟ ಮಾತ್ರ ಮಾಡ್ತಾಳೆ. ಎಲ್ಲರೂ ಹೇಳೋದು, ಆ ಪ್ರಯಾಣ ಅವರನ್ನ ಉಳಿಸಿತು ಅಂತ. ನಿಜ. ನಾನೂ ಹಾಗೇ ಹೇಳ್ತೀನಿ.

ಆದರೆ ಒಂದೇ ದನಿ, ಒಂದೇ ಗಳಿಗೆ. ಅವರಿಗೆ ಹೋಗು ಅಂದಿತು, ನನಗೆ ಹೋಗಬೇಡ ಅಂದಿತು. ಅವನು ನಮ್ಮಿಬ್ಬರಲ್ಲಿ ಯಾರಿಗೆ ನಿಜ ಹೇಳಿದ? ಹೆಂಡತಿಗೆ ಧೈರ್ಯ ಹೇಳಿ, ತಂಗಿ ಹತ್ತಿರ ಮಾತ್ರ ತನ್ನ ಕಷ್ಟ ಹೇಳಿಕೊಂಡನೇ? ಅವನು ಹಾಗೇ ಇದ್ದ, ಬದುಕಿದ್ದಾಗಲೂ. ಅದನ್ನ ನೆನೆಸಿಕೊಂಡರೆ ಅಳು ಬರುತ್ತೆ. ಇಲ್ಲಾ, ಅದು ಅವನೇ ಅಲ್ಲವೇ? ಅವನಲ್ಲದಿದ್ದರೆ, ಅವನ ದನಿ ಅಲ್ಲಿ ಯಾರ ಹತ್ತಿರ ಇತ್ತು?...

ಇಲ್ಲಿ ಬಯಾನ್ ಲೆಪಾಸ್‌ನಲ್ಲಿ ಸೆಕೆ ಅಂದರೆ ಸೆಕೆ. ಆದರೂ ರಾತ್ರಿ ಹೊದ್ದುಕೊಂಡು ಮಲಗುವಾಗ, ಅವನಿಗೆ ಹೊದಿಯಲಿಕ್ಕೆ ಏನಿದೆ ಅನ್ನಿಸುತ್ತೆ. ಹೊದಿಕೆ ಪಕ್ಕಕ್ಕೆ ತಳ್ಳಿ ಸುಮ್ಮನೆ ಬಿದ್ದುಕೊಳ್ತೀನಿ.

ಮೊನ್ನೆ ಶುಕ್ರವಾರ ಭಾಭಿ ಫೋನ್ ಮಾಡಿದ್ದರು. ದನಿಯಲ್ಲಿ ಎಷ್ಟು ಸಂತೋಷ.

"ನಸ್ಸು, ಈ ಸಲ ಸ್ಕೂಲ್ ರಜೆಗೆ ಆಯಿಷಾನ ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ಅವಳೇ ಕೇಳ್ತಿದಾಳೆ. ಆ ಕಟ್ಟೆ ಮೇಲೆ ನಿಂತು ಅವಳೂ ಒಂದು ಸಲ ಅಬ್ಬಾನ ದನಿ ಕೇಳಲಿ. ನಿನಗೆ ರಜೆ ಸಿಕ್ಕರೆ ಬಾ, ಸಿಗದಿದ್ದರೆ ನಾವಿಬ್ಬರೇ ಹೋಗಿ ಬರ್ತೀವಿ."

ಹಿಂದಿನಿಂದ ಆಯಿಷಾ ಕೂಗಿದಳು: "ಫುಪ್ಪು, ಕಮ್ ಲಾ!"

ಆ ಮಗುವಿಗೆ ಅವನು ಏನು ಹೇಳ್ತಾನೆ? ಹೋಗು ಅಂತಾನಾ... ಬಾ ಅಂತಾನಾ?

ಭಾಭಿ ಟಿಕೆಟ್ ನೋಡ್ತಿದ್ದಾರೆ.